ತಾವೇ ಆರಿಸಿಕೊಂಡ ಹೆಸರುಗಳು

ಚೀನ ದೇಶದ ತರುಣರು ತಮ್ಮ ಹುಟ್ಟುಹೆಸರಿನ ಜೊತೆಗೆ ಒಂದು ಇಂಗ್ಲಿಷ್ ಹೆಸರನ್ನೂ ಇಟ್ಟುಕೊಳ್ಳುವ ರೂಢಿಯು ಕಳೆದ ನಾಲ್ಕು ದಶಕಗಳಲ್ಲಿ ಬಲವಾಗಿ ಬೆಳೆದಿರುವುದಷ್ಟೆ. ಆ ಹೆಸರುಗಳು ಜಾನ್, ಮೇರಿ ಎಂದು ಇಂಗ್ಲಿಷರ ಹೆಸರುಗಳಂತೆಯೇ ಇದ್ದಿದ್ದರೆ ಯಾರೂ ಲಕ್ಷ್ಯ ಕೊಡುತ್ತಿರಲಿಲ್ಲ. ಆದರೆ ಅವುಗಳ ನಡುನಡುವೆ ಆ್ಯಪಲ್, ರೇನ್‌ಬೋ, ವಿಂಟರ್, ಸ್ಕೈ, ಸೆವೆನ್ ಎಂಬವು ಕಾಣಿಸಿಕೊಳ್ಳುತ್ತವೆ. ಎಂದರೆ ಸೇಬು, ಕಾಮನಬಿಲ್ಲು, ಚಳಿಗಾಲ, ಆಕಾಶ, ಏಳು. ಇದನ್ನು ಕೇಳಿ ಆಂಗ್ಲರು ನಗುತ್ತಾರೆ. ಆಂಗ್ಲರು ನಗುವುದನ್ನು ಕಂಡು ನಮ್ಮ ಪಟ್ಟಣಗಳ ಸುಶಿಕ್ಷಿತರೂ ನಗುವುದನ್ನು ಕಲಿತಿದ್ದಾರೆ. ಆಳಂದದಂಥ ತಾಲೂಕು ಸ್ಥಳದಲ್ಲಿ ಕುಳಿತು ಈ ನಗೆಯಲ್ಲಿ ಪಾಲುಗೊಳ್ಳುವ ಮುನ್ನ ನಮ್ಮ ಕಚೇರಿಗಳ ಹೆಸರಿನ ಪಟ್ಟಿಗಳನ್ನೇ ಒಮ್ಮೆ ತಿರುವಿಹಾಕುವುದು ಲೇಸೆಂದು ನಮಗೆ ತೋರುತ್ತದೆ.

ಮೊದಲು ಅಡ್ಡಹೆಸರುಗಳನ್ನೇ ನೋಡೋಣ. ಉಳ್ಳಾಗಡ್ಡಿ, ಮೆಣಸಿನಕಾಯಿ, ಜೋಳದ, ಅಕ್ಕಿ, ತುಪ್ಪದ, ಬೆಲ್ಲದ: ಇವೆಲ್ಲ ಉತ್ತರ ಕರ್ನಾಟಕದ ಮಾನ್ಯ ಮನೆತನಗಳ ಹೆಸರುಗಳು. ಈ ಮನೆತನಗಳಲ್ಲಿ ವಕೀಲರಿದ್ದಾರೆ, ವೈದ್ಯರಿದ್ದಾರೆ, ಶಾಸನಸಭೆಗೆ ಹೋದವರೂ ಇದ್ದಾರೆ. ಉಳ್ಳಾಗಡ್ಡಿಯವರು ಎದ್ದು ನಿಂತರೆ ನಾವು ಯಾರೂ ನಗುವುದಿಲ್ಲ. ಏಕೆಂದರೆ ಆ ಶಬ್ದವನ್ನು ನಾವು ಅರ್ಥವಾಗಿ ಕೇಳುವುದನ್ನು ಎಂದೋ ಬಿಟ್ಟಿದ್ದೇವೆ, ಹೆಸರಾಗಿ ಮಾತ್ರ ಕೇಳುತ್ತೇವೆ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಲಂಡನ್ನಿನ ಗೃಹಸ್ಥನೊಬ್ಬನ ಮುಂದೆ ಇಟ್ಟರೆ ಆತನು ಆ್ಯಪಲ್ ಎಂಬ ಚೀನೀ ಕನ್ಯೆಯನ್ನು ಮರೆತು ನಮ್ಮ ಕಡೆಗೇ ತಿರುಗಿ ನಗುವನು. ಇನ್ನು ಹುಟ್ಟುಹೆಸರುಗಳು. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮೃತ್ಯುವಿನ ದೃಷ್ಟಿ ಬೀಳದಿರಲೆಂದು ತಿಪ್ಪಣ್ಣ, ತಿರುಕಪ್ಪ, ಹುಚ್ಚಪ್ಪ, ಗುಂಡಪ್ಪ ಎಂದು ಕರೆದರು. ಹೆಣ್ಣುಮಕ್ಕಳ ಸಾಲು ಮುಗಿಯಲೆಂದು ಸಾಕವ್ವ ಎಂದು ಕರೆದರು. ತಿಪ್ಪೆಯ ಹೆಸರನ್ನು ಹೊತ್ತವರು ಊರಿಗೆ ಹಿರಿಯರಾಗಿ ಬಾಳಿದ್ದಾರೆ. ಸಾಕವ್ವನ ಹೆಸರಿನ ವಿಷಯದಲ್ಲಿ ಮಾತ್ರ ನಮಗೆ ನಗೆ ಬರುವುದಿಲ್ಲ, ಹೆಮ್ಮೆಯೂ ಇಲ್ಲ. ಇನ್ನೊಂದು ಕಡೆಗೆ ಹುಸೇನಪ್ಪ, ಫಕೀರಪ್ಪ, ಮೌಲಪ್ಪ ಎಂಬ ಹೆಸರುಗಳಿವೆ. ಅರಬ್ಬಿಯ ಶಬ್ದಕ್ಕೆ ಕನ್ನಡದ ‘ಅಪ್ಪ’ನನ್ನು ಕೂಡಿಸಿದ ಈ ಹೆಸರುಗಳನ್ನು ಹಿಂದೂ ಮನೆಗಳಲ್ಲಿ ಹರಕೆಯಿಂದ ಇಟ್ಟರು. ಕಲಬುರಗಿಯ ಬಂದೇನವಾಜರ ದರ್ಗೆಯೂ ಆಳಂದದ ಲಾಡ್ಲೆ ಮಶಾಯಿಕರ ದರ್ಗೆಯೂ ಇರುವ ಈ ಸೀಮೆಯಲ್ಲಿ ಇದು ಯಾರಿಗೂ ಸೋಜಿಗವಲ್ಲ.

ಚೀನೀಯರು ಹೀಗೇಕೆ ಮಾಡುತ್ತಾರೆಂಬುದಕ್ಕೆ ಅವರ ಭಾಷೆಯಲ್ಲಿಯೇ ಕಾರಣವಿದೆ. ಆ ದೇಶದಲ್ಲಿ ಮನೆತನದ ಹೆಸರುಗಳು ಬಹಳ ಕಡಿಮೆ. ವಾಂಗ್, ಲಿ, ಜಾಂಗ್ ಎಂಬ ಮೂರೇ ಹೆಸರುಗಳಲ್ಲಿ ಜನತೆಯ ಸುಮಾರು ಐದನೆಯ ಒಂದು ಪಾಲು ಅಡಕವಾಗಿದೆ. ಮನೆತನದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಹೀಗಿರಲಾಗಿ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸುವ ಭಾರವೆಲ್ಲ ವ್ಯಕ್ತಿಯ ಹೆಸರಿನ ಮೇಲೆ ಬೀಳುತ್ತದೆ. ಈ ಹೆಸರಿಗೆ ನಮ್ಮಲ್ಲಿರುವಂತೆ ದೇವರ ಹೆಸರುಗಳ, ಇಂಗ್ಲಿಷರಲ್ಲಿರುವಂತೆ ಸಂತರ ಹೆಸರುಗಳ ಸಿದ್ಧಭಂಡಾರವಿಲ್ಲ. ತಂದೆತಾಯಿಗಳು ಭಾಷೆಯ ಸಮಸ್ತ ಶಬ್ದಗಳಿಂದ ಒಂದೆರಡು ಅಕ್ಷರಗಳನ್ನು ಆಯ್ದು, ಅರ್ಥ ನೋಡಿ, ನಾದ ನೋಡಿ ಜೋಡಿಸುತ್ತಾರೆ. ಬೆಳಗು, ಹಿಮ, ಪರ್ವತ, ದೇಶ, ಯಾವುದೂ ಹೆಸರಾಗಬಲ್ಲದು. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ಪುಣ್ಯ; ಅವರಲ್ಲಿ ಹಾಗೆ ಇಡುವುದು ಹಿರಿಯರಿಗೆ ಅಗೌರವ. ಹೀಗೆ ಹೆಸರನ್ನು ಪ್ರತಿ ಸಲವೂ ಹೊಸದಾಗಿ ಕಟ್ಟುವ ಜನರು ಇಂಗ್ಲಿಷ್ ಭಾಷೆಯ ಬಾಗಿಲಿಗೆ ಬಂದಾಗ ಅಲ್ಲಿಯೂ ಅದನ್ನೇ ಮಾಡುತ್ತಾರೆ. ಇಂಗ್ಲಿಷಿನಲ್ಲಿ ಹೆಸರಿಗೆ ತಕ್ಕ ಶಬ್ದಗಳ ಒಂದು ಬೇಲಿಯಿದೆ ಎಂಬುದನ್ನು ಅವರು ಅರಿಯರು, ಅರಿತರೂ ಲೆಕ್ಕಿಸರು. ಸೇಬು ಸವಿಯಾದದ್ದು, ಆಕಾಶ ವಿಶಾಲವಾದದ್ದು, ಮತ್ತೇನು ಬೇಕು?

ಒಬ್ಬನಿಗೆ ಹಲವು ಹೆಸರುಗಳಿರುವುದೂ ಅವರಿಗೆ ಹೊಸದಲ್ಲ. ಹಳೆಯ ಚೀನದಲ್ಲಿ ಬಾಲ್ಯದ ಹೆಸರು ಒಂದು. ಇಪ್ಪತ್ತನೆಯ ವಯಸ್ಸಿಗೆ ಪ್ರಾಪ್ತನಾದಾಗ ಸಮಾನರು ಕರೆಯಲು ಇಡುವ ಮರ್ಯಾದೆಯ ಹೆಸರು ಇನ್ನೊಂದು. ಪಂಡಿತನೋ ಕವಿಯೋ ಆದವನು ತನಗೆ ತಾನೇ ಇಟ್ಟುಕೊಳ್ಳುವುದು ಮತ್ತೊಂದು. ಚೀನೀ ಗಣರಾಜ್ಯದ ಪಿತಾಮಹನಾದ ಸನ್ ಯಾತ್‌ಸೆನ್ ತನ್ನ ದೇಶದಲ್ಲಿ ಪ್ರಖ್ಯಾತನಾಗಿರುವುದು ಸನ್ ಜೋಂಗ್‌ಶಾನ್ ಎಂಬ ಹೆಸರಿನಿಂದ. ಅದು ಆತನು ಜಪಾನಿನಲ್ಲಿ ತಲೆಮರೆಸಿಕೊಂಡಿದ್ದಾಗ ಧರಿಸಿದ ನಾಕಾಯಾಮ ಎಂಬ ಜಪಾನೀ ಹೆಸರಿನ ಅಕ್ಷರಗಳ ಚೀನೀ ಉಚ್ಚಾರ. ಪರದೇಶದ ಹೆಸರೊಂದು ರಾಷ್ಟ್ರಪಿತನ ಹೆಸರಾಗಿ ನಿಂತಿತು. ಅದರಿಂದ ಆ ರಾಷ್ಟ್ರಕ್ಕೆ ಕುಂದೇನೂ ಬಂದಂತೆ ಕಾಣೆವು. ನಮ್ಮ ಕಾವ್ಯನಾಮಗಳು ಈ ಜಾತಿಯವೇ ಅಲ್ಲವೆ? ಬೇಂದ್ರೆಯವರು ಅಂಬಿಕಾತನಯದತ್ತರಾದರು. ನಮ್ಮ ಸೀಮೆಯಲ್ಲಿಯೇ ಹೈದರಾಬಾದು ಸಂಸ್ಥಾನದ ಅಧಿಕಾರಿಗಳಾಗಿದ್ದ ಸಿದ್ಧಯ್ಯ ಪುರಾಣಿಕರು ಕಚೇರಿಯಲ್ಲಿ ಪುರಾಣಿಕರು, ಕವಿತೆಯಲ್ಲಿ ಕಾವ್ಯಾನಂದರು. ಹೈದರಾಬಾದು ವಿಮೋಚನೆಯ ಹೋರಾಟವನ್ನು ನಡೆಯಿಸಿದ ಸ್ವಾಮಿ ರಾಮಾನಂದ ತೀರ್ಥರು ಸಂನ್ಯಾಸಕ್ಕೆ ಮುಂಚೆ ವೆಂಕಟೇಶ ಖೇಡಗೀಕರರಾಗಿದ್ದರು.

ಆಳಂದಕ್ಕೆ ಈ ವಿಷಯದಲ್ಲಿ ಇವರೆಲ್ಲರಿಗಿಂತ ಹಳೆಯ ಸಾಕ್ಷಿಯುಂಟು. ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿರುವ ಪ್ರಸಿದ್ಧ ಶಿಲಾಶಾಸನವು ಸುಮಾರು 1200ನೆಯ ಇಸವಿಯದು. ಅದು ಹೇಳುವ ಶಿವಭಕ್ತನು ಅಳಂದೆಯ, ಎಂದರೆ ನಮ್ಮ ಆಳಂದದ, ಪುರುಷೋತ್ತಮಭಟ್ಟನ ಮಗ. ತಂದೆತಾಯಿಗಳು ಇಟ್ಟ ಹೆಸರು ರಾಮ. ಅನ್ಯಕ್ಕೆ ಎಳಸದೆ ಏಕಾಂತಭಾವದಿಂದ ಶಿವನೊಬ್ಬನನ್ನೇ ಆರಾಧಿಸಿದುದರಿಂದ ಆತನು ಏಕಾಂತದ ರಾಮಯ್ಯನಾದನು. ಹುಟ್ಟಿನಿಂದ ಬಂದ ಹೆಸರಿಗೆ ನಡತೆಯಿಂದ ಗಳಿಸಿದ ಹೆಸರು ಅಂಟಿಕೊಂಡಿತು, ಎಂಟು ಶತಮಾನಗಳ ತರುವಾಯವೂ ಉಳಿದಿದೆ. ಅದೇ ಕಾಲದ ಕಲ್ಯಾಣದ ಶರಣರಲ್ಲಿ ಮೋಳಿಗೆಯ ಮಾರಯ್ಯನ ಐತಿಹ್ಯವಂತೂ ಇನ್ನೂ ಮುಂದೆ ಹೋಗುತ್ತದೆ: ಕಾಶ್ಮೀರದ ಅರಸನು ರಾಜ್ಯವನ್ನು ಬಿಟ್ಟು ಬಂದು ಕಟ್ಟಿಗೆ ಹೊರೆಯನ್ನು ಮಾರಿ ಬದುಕಿದನು, ಆ ಹೊರೆಯ ಹೆಸರನ್ನೇ ಹೊತ್ತನು ಎಂದು. ಅಂಬಿಗರ, ನುಲಿಯ, ಮಾದಾರ ಎಂದು ಕಾಯಕವನ್ನು ಹೆಸರಿನ ಮುಂದೆ ಇಟ್ಟುಕೊಂಡವರ ಸಾಲಿನಲ್ಲಿ ಇದೂ ಒಂದು. ಲೋಕವು ಕೀಳೆಂದು ಕರೆದ ಶಬ್ದವನ್ನು ತಾವೇ ಎತ್ತಿ ಮುಡಿದುಕೊಂಡ ಧೈರ್ಯವದು.

ಆದರೆ ಚೀನೀಯರ ಈಗಿನ ರೂಢಿಗೆ ಅತ್ಯಂತ ಸಮೀಪದ ದೃಷ್ಟಾಂತವು ಕರ್ನಾಟಕದಲ್ಲಿ ಬೇರೆ ಕಡೆಗೆ ಇದೆ. ಹಕ್ಕಿಪಿಕ್ಕಿ ಎಂಬ ಬುಡಕಟ್ಟಿನ ಜನರನ್ನು ವಾಚಕರು ಬಲ್ಲರು. ಬಿಡದಿಯ ಬಳಿಯ ಭದ್ರಾಪುರ, ಬೇಲೂರು ತಾಲೂಕಿನ ಅಂಗಡಿಹಳ್ಳಿ, ಹುಣಸೂರು ತಾಲೂಕಿನ ಪಕ್ಷಿರಾಜಪುರ ಇವು ಅವರ ದೊಡ್ಡ ವಸತಿಗಳು. ಮನೆಯಲ್ಲಿ ಅವರು ಆಡುವುದು ಗುಜರಾತಿಗೆ ಹತ್ತಿರವಾದ ವಾಗ್ರಿ ಎಂಬ ನುಡಿ; ಸಂತೆಯಲ್ಲಿ ಕನ್ನಡ, ತಮಿಳು, ತೆಲುಗು, ಹಿಂದಿ ಯಾವುದು ಬೇಕೋ ಅದು. ಹಿಂದೆ ಹಕ್ಕಿ ಹಿಡಿದು ಮಾರುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಆ ಕಸುಬು ನಿಂತು, ಸೂಜಿ ದಾರ, ಪ್ಲಾಸ್ಟಿಕ್ ಹೂ, ಗಿಡಮೂಲಿಕೆಯ ಎಣ್ಣೆ ಇತ್ಯಾದಿಗಳನ್ನು ಮಾರುತ್ತ ದೇಶ ಸುತ್ತುತ್ತಾರೆ. ಇವರ ಮಕ್ಕಳ ಹೆಸರುಗಳನ್ನು ಕೇಳಿರಿ: ಹೈಕೋರ್ಟ್, ಗೌರ್ಮೆಂಟ್, ಇಂಗ್ಲಿಷ್, ಕಾಫಿ, ಮೈಸೂರುಪಾಕ, ಕಾಂಗ್ರೆಸ್, ಜಪಾನ್, ಅಮೆರಿಕ, ಈಚೆಗೆ ಗೂಗಲ್. ಪತ್ರಿಕೆಗಳವರು ಇದನ್ನು ವಿನೋದದ ವಾರ್ತೆಯಾಗಿ ಎಷ್ಟೋ ಸಲ ಅಚ್ಚುಹಾಕಿದ್ದಾರೆ. ವಿನೋದವೆಂದು ಓದಿ ಮುಗಿಸಿದರೆ ಅದರೊಳಗಿನ ನ್ಯಾಯವು ತಪ್ಪಿಹೋಗುತ್ತದೆ.

ಊರೂರು ಸುತ್ತುವ ಮನುಷ್ಯನಿಗೆ ನಗರದಲ್ಲಿ ಕಾಣುವ ಭವ್ಯ ಕಟ್ಟಡ ಹೈಕೋರ್ಟು. ಅದರ ಹೆಸರನ್ನು ಜನರು ಭಯಭಕ್ತಿಗಳಿಂದ ಉಚ್ಚರಿಸುತ್ತಾರೆ. ಅಂಥ ಶಬ್ದವನ್ನು ತನ್ನ ಮಗನಿಗೆ ಇಡಲು ಏನು ಅಡ್ಡಿ? ನಾವು ಮಹಾದೇವ, ರಾಜಶೇಖರ ಎಂದು ಇಡುವಾಗ ಮಾಡುವುದೂ ಅದನ್ನೇ, ನಮಗೆ ದೊಡ್ಡದೆಂದು ತೋರಿದ ಶಬ್ದವನ್ನು ಕೂಸಿನ ಮೇಲೆ ಹಚ್ಚುವುದು. ಯಾವುದು ದೊಡ್ಡದು ಎಂಬ ವಿಷಯದಲ್ಲಿ ಮಾತ್ರ ನಮಗೂ ಅವರಿಗೂ ಭೇದ. ಚೀನದ ಆ್ಯಪಲ್, ಭದ್ರಾಪುರದ ಹೈಕೋರ್ಟ್ ಇಬ್ಬರೂ ಪರಭಾಷೆಯ ಶಬ್ದವನ್ನು ಅದರ ಹಳೆಯ ಜಾಡುಗಳಿಲ್ಲದೆ, ಆಗ ತಾನೆ ಟಂಕಿಸಿದ ನಾಣ್ಯದಂತೆ ಕೈಗೆತ್ತಿಕೊಂಡವರು. ಭಾಷೆಯ ಒಳಗಿರುವವನಿಗೆ ಈ ಸ್ವಾತಂತ್ರ್ಯವಿಲ್ಲ. ನಗುವವನು ತನಗಿಲ್ಲದ ಸ್ವಾತಂತ್ರ್ಯವನ್ನು ಕಂಡು ನಗುತ್ತಾನೆಂದು ಹೇಳಿದರೆ ಅತಿಯಾಗಲಿಕ್ಕಿಲ್ಲ. ಈ ಜನರು ಎಣ್ಣೆಯ ಸೀಸೆಗಳನ್ನು ಹೊತ್ತು ಆಫ್ರಿಕ ಖಂಡದವರೆಗೂ ಹೋಗುತ್ತಾರೆ. 2023ರ ಎಪ್ರಿಲ್‌ನಲ್ಲಿ ಸುಡಾನಿನಲ್ಲಿ ಅಂತರ್ಯುದ್ಧ ಹತ್ತಿದಾಗ ಕರ್ನಾಟಕದ ಮೂವತ್ತಕ್ಕೂ ಹೆಚ್ಚು ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದಿದ್ದರೆಂಬುದು ದೇಶಕ್ಕೆಲ್ಲ ತಿಳಿದ ಸಂಗತಿ. ಯಾವ ಪದವೀಧರನೂ ಹೋಗಲು ಹಿಂದೆಗೆಯುವ ಊರಿಗೆ ಹೋಗಿ ವ್ಯಾಪಾರ ಮಾಡುವವರ ಹೆಸರು ಅಮೆರಿಕ ಎಂದಿದ್ದರೆ ಅದು ಅವರಿಗೆ ಒಪ್ಪದೆಂದು ನಾವು ಹೇಳಲಾರೆವು.

ರಾಷ್ಟ್ರಾಭಿಮಾನಿಗಳಾದ ಕೆಲವು ಮಹನೀಯರು ಇಲ್ಲಿ ನಮ್ಮನ್ನು ತಡೆದು ಕೇಳಬಹುದು: ಇಂಗ್ಲಿಷ್ ಹೆಸರು ಇಟ್ಟುಕೊಳ್ಳುವುದು ದಾಸ್ಯದ ಗುರುತಲ್ಲವೆ? ಪ್ರಶ್ನೆ ಸಲ್ಲತಕ್ಕದ್ದೇ. ನಮ್ಮ ಉತ್ತರವು ಆ ಹೆಸರನ್ನು ಇಟ್ಟವರು ಯಾರು ಎಂಬುದರ ಮೇಲೆ ನಿಂತಿದೆ. ಅಲಿಬಾಬ ಎಂಬ ದೊಡ್ಡ ವ್ಯಾಪಾರ ಸಂಸ್ಥೆಯ ಸ್ಥಾಪಕನಾದ ಮಾ ಯುನ್ ಬಾಲ್ಯದಲ್ಲಿ ಹಾಂಗ್‌ಜೋ ನಗರದ ಪ್ರವಾಸಿಗಳಿಗೆ ದಾರಿ ತೋರುತ್ತ ಇಂಗ್ಲಿಷ್ ಕಲಿತನು. ಪರದೇಶದ ಸ್ನೇಹಿತರೊಬ್ಬರಿಂದ ಬಂದ ಜ್ಯಾಕ್ ಎಂಬ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. ಆದರೆ ಆತನ ರಾಜ್ಯದ ದಫ್ತರದಲ್ಲಿ ಇರುವುದು ಮಾ ಯುನ್ ಎಂಬುದೇ. ಚೀನೀಯನ ಇಂಗ್ಲಿಷ್ ಹೆಸರು ಹೊರಗೆ ಹೋಗುವಾಗ ಮೆಟ್ಟಿಕೊಳ್ಳುವ ಪಾದರಕ್ಷೆಯಂತೆ. ಮನೆಯ ಹೊಸ್ತಿಲಲ್ಲಿ ಬಿಟ್ಟು ಒಳಗೆ ಹೋಗುತ್ತಾನೆ. ಬೇಡವಾದಾಗ ಬದಲಿಸುತ್ತಾನೆ. ಇದಕ್ಕೆ ಪ್ರತಿಯಾಗಿ 2000ನೆಯ ಇಸವಿಯ ಆಸುಪಾಸಿನಿಂದ ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ನಡೆದುದನ್ನು ನೆನೆಯಿರಿ. ಅಮೆರಿಕದ ಗಿರಾಕಿಗಳಿಗೆ ದೂರವಾಣಿಯಲ್ಲಿ ಉತ್ತರ ಕೊಡಬೇಕಾಗಿದ್ದ ನಮ್ಮ ತರುಣ ತರುಣಿಯರು ರಾತ್ರಿಯ ಪಾಳಿಗೆ ಪಾಶ್ಚಾತ್ಯ ಹೆಸರುಗಳನ್ನು ಧರಿಸಬೇಕಾಯಿತು. ಅದು ಆಯ್ಕೆಯಲ್ಲ, ಸಂಬಳದ ಕರಾರು. ತಾನು ಎಲ್ಲಿ ಕುಳಿತಿದ್ದೇನೆಂಬುದನ್ನು ಮರೆಸುವುದೇ ಆ ಹೆಸರಿನ ಉದ್ದೇಶವಾಗಿತ್ತು. ಆ್ಯಪಲ್ ಎಂಬ ಹೆಸರು ಯಾರನ್ನೂ ವಂಚಿಸುವುದಿಲ್ಲ. ಅದನ್ನು ಕೇಳಿದವನಿಗೆ ಇವಳು ಇಂಗ್ಲಿಷಳಲ್ಲವೆಂದು ಕೂಡಲೆ ತಿಳಿಯುತ್ತದೆ. ನಮ್ಮ ತರುಣರಿಗೆ ಕೊಟ್ಟ ಹೆಸರುಗಳು ವಂಚಿಸಲೆಂದೇ ಕೊಟ್ಟವು.

ಕೇಳದೆ ಹೆಸರು ಬದಲಿಸುವ ಪದ್ಧತಿಗೆ ನಾವು ಕಂಪನಿಗಳನ್ನೇ ದೂರಬೇಕಾಗಿಲ್ಲ. ನಮ್ಮ ಮನೆಗಳಲ್ಲಿಯೂ ಅದು ನಡೆದುಬಂದಿದೆ. ಮರಾಠಿ ಸೀಮೆಗೆ ಹತ್ತಿದ ಈ ಪ್ರಾಂತದ ಅನೇಕ ಕುಟುಂಬಗಳಲ್ಲಿ ಮದುವೆಯ ದಿನ ಹರಿವಾಣದಲ್ಲಿ ಅಕ್ಕಿ ಹರಡಿ ವಧುವಿನ ಹೊಸ ಹೆಸರನ್ನು ಬೆರಳಿನಿಂದ ಬರೆಯುತ್ತಿದ್ದರು. ಇಪ್ಪತ್ತು ವರುಷ ಗೌರವ್ವನಾಗಿದ್ದವಳು ಸಂಜೆಯ ಹೊತ್ತಿಗೆ ಲಕ್ಷ್ಮೀಬಾಯಿ. ಅತ್ತೆಯ ಹೆಸರೂ ಗೌರವ್ವನೇ ಆಗಿದ್ದರೆ ಬದಲಾವಣೆ ಅನಿವಾರ್ಯವೆಂದು ಹಿರಿಯರು ವಾದಿಸಬಹುದು. ಬದಲಾಗುವುದು ಯಾವಾಗಲೂ ಸೊಸೆಯ ಹೆಸರೇ ಏಕೆ ಎಂಬುದಕ್ಕೆ ಆ ವಾದದಲ್ಲಿ ಉತ್ತರವಿಲ್ಲ. ಹಿಂದೆ ಇದರಿಂದ ಮನಸ್ಸಿಗೆ ಮಾತ್ರ ನೋವು. ಈಗ ಹಾಗಲ್ಲ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು, ಆಧಾರದಲ್ಲಿ ಮತ್ತೊಂದು. ಗಂಡ ತೀರಿಕೊಂಡ ಮೇಲೆ ಪಿಂಚಣಿಗೆಂದು ತಹಶೀಲ ಕಚೇರಿಗೆ ಬಂದ ವಿಧವೆಗೆ, ಇವರಿಬ್ಬರೂ ನೀನೊಬ್ಬಳೇ ಎಂಬುದಕ್ಕೆ ಪ್ರಮಾಣ ತಾ ಎಂದು ಹೇಳಲಾಗುತ್ತದೆ. ಇಂಥ ಅರ್ಜಿಗಳು ಎಷ್ಟು ಸಲ ತಿರುಗಿ ಹೋಗುತ್ತವೆಂಬುದನ್ನು ಈ ಪುಟವನ್ನು ಓದುವ ಅಧಿಕಾರಿಗಳು ನಮಗಿಂತ ಚೆನ್ನಾಗಿ ಬಲ್ಲರು.

ಲಿಪಿಯ ತೊಡಕು ಬೇರೆ ಇದೆ. 1948ರ ಸೆಪ್ಟೆಂಬರಿನವರೆಗೆ ಈ ಸೀಮೆಯ ಸರಕಾರಿ ಭಾಷೆ ಉರ್ದು ಆಗಿತ್ತು. ಆ ಲಿಪಿಯಲ್ಲಿ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ನಮ್ಮ ಳಕಾರಕ್ಕೆ ಅದರಲ್ಲಿ ಅಕ್ಷರವಿಲ್ಲ. ಆಮೇಲೆ ಬಂದ ರೋಮನ್ ಲಿಪಿಯಲ್ಲಿಯೂ ಇಲ್ಲ. ಕನ್ನಡದ ಕಿವಿಗೆ ಕಲಬುರಗಿಯಾದುದು ದಫ್ತರದಲ್ಲಿ ಗುಲ್ಬರ್ಗವಾಗಿ ಉಳಿದು, 2014ರ ನವೆಂಬರ್ 1ರಂದು ಸರಕಾರವು ಅದನ್ನು ತಿದ್ದಿತು. 2019ರಲ್ಲಿ ಹೈದರಾಬಾದ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ನಗರಕ್ಕೂ ಪ್ರಾಂತಕ್ಕೂ ತಮ್ಮ ಹೆಸರು ತಿರುಗಿ ದೊರೆತುದು ಸಂತೋಷವೇ. ಆದರೆ ಆಳಂದವನ್ನು ರೋಮನ್ ಅಕ್ಷರಗಳಲ್ಲಿ ಬರೆದಾಗ ಅಲಂಡ್ ಎಂದೋ ಆಲ್ಯಾಂಡ್ ಎಂದೋ ಓದುವ ಪರಸ್ಥಳದವರು ಈಗಲೂ ಇದ್ದಾರೆ. ಫಿನ್‌ಲಂಡಿಗೆ ಸೇರಿದ ಓಲಂಡ್ ದ್ವೀಪಗಳ ಹೆಸರಿನಲ್ಲಿಯೂ, ಮೊದಲನೆಯ ಅಕ್ಷರದ ಮೇಲಿನ ಒಂದು ಸೊನ್ನೆಯನ್ನುಳಿದು, ಇವೇ ಐದು ಅಕ್ಷರಗಳಿವೆ. ಊರಿನ ಹೆಸರಿಗೆ ಈ ಗತಿಯಾದರೆ ಊರಿನವರ ಹೆಸರುಗಳ ಪಾಡೇನು? ಮಳ್ಳಪ್ಪ, ಕಲ್ಲಪ್ಪ, ಕಾಳಪ್ಪ ಮೂವರೂ ಪರಭಾಷೆಯ ಗುಮಾಸ್ತನ ಕೈಯಲ್ಲಿ ಏನಾಗಿ ಹೊರಬರುವರೋ ಹೇಳಲಾಗದು.

ಹೆಸರು ದಫ್ತರದಲ್ಲಿ ಸರಿಯಾಗಿರಬೇಕೆಂದು ನಾವು ಇಷ್ಟು ಹಟ ಹಿಡಿಯುವುದಕ್ಕೆ ಆಳಂದದಲ್ಲಿಯೇ ಕಾರಣವುಂಟು. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆಳಂದ ಮತಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರುಗಳನ್ನು ತೆಗೆದುಹಾಕಬೇಕೆಂದು 6,018 ಅರ್ಜಿಗಳು ಅಂತರಜಾಲದ ಮೂಲಕ ಬಂದವು. ವಿಚಾರಣೆ ಮಾಡಲಾಗಿ ಅವುಗಳಲ್ಲಿ ಸರಿಯಾದವು 24 ಮಾತ್ರವೆಂದೂ ಉಳಿದ 5,994 ಸಲ್ಲವೆಂದೂ ಗೊತ್ತಾಯಿತು. ಆ ಫೆಬ್ರವರಿಯಲ್ಲಿಯೇ ಪೊಲೀಸರಲ್ಲಿ ಫಿರ್ಯಾದು ದಾಖಲಾಯಿತು. ಯಾರು ಮಾಡಿದರು, ಯಾರು ಮಾಡಿಸಿದರು ಎಂಬುದು ನ್ಯಾಯಾಲಯಕ್ಕೆ ಬಿಟ್ಟ ಮಾತು. ನಾವು ಯಾರ ಕಡೆಗೂ ಬೆರಳು ತೋರುವುದಿಲ್ಲ. ಆದರೆ ಬದುಕಿದ್ದು ಊರಲ್ಲಿಯೇ ಇರುವ ಮನುಷ್ಯನ ಹೆಸರನ್ನು ಅವನಿಗೆ ತಿಳಿಯದೆ ಅಳಿಸಲು, ಅದೂ ಇನ್ನೊಬ್ಬ ನಿರಪರಾಧಿಯ ಹೆಸರಿನಲ್ಲಿ ಅರ್ಜಿ ಹಾಕಿ, ಯತ್ನ ನಡೆಯಿತೆಂಬುದನ್ನು ಈ ತಾಲೂಕಿನವರು ಕಣ್ಣಾರೆ ಕಂಡಿದ್ದಾರೆ. ಸಾಮಾನ್ಯ ಪ್ರಜೆಗೆ ರಾಜ್ಯದಲ್ಲಿ ಇರುವ ಪಾಲೆಲ್ಲ ಆ ಒಂದು ಸಾಲಿನಲ್ಲಿರುವ ಹೆಸರೇ ಅಲ್ಲವೆ?

ಸೊಲ್ಲಾಪುರವು ಅಕ್ಕಲಕೋಟೆಯ ದಾರಿಯಲ್ಲಿ ನಮ್ಮ ನೆರೆಯ ನಗರ. ಕನ್ನಡಿಗರು ಬಹುಸಂಖ್ಯೆಯಲ್ಲಿ ಬಾಳುವ ಊರು. ಅಲ್ಲಿ 1910ರಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸರ ಕಥೆಯನ್ನು ಹೇಳದೆ ಈ ವಿಷಯವನ್ನು ಬಿಡುವಂತಿಲ್ಲ. ಜಪಾನಿನ ದಾಳಿಗೆ ಸಿಕ್ಕ ಚೀನಕ್ಕೆ ನೆರವಾಗಲೆಂದು 1938ರಲ್ಲಿ ನಮ್ಮ ರಾಷ್ಟ್ರೀಯ ಕಾಂಗ್ರೆಸ್ಸು ಐವರು ವೈದ್ಯರನ್ನು ಕಳಿಸಿತು. ಐವರಲ್ಲಿ ಕೋಟ್ನೀಸರೊಬ್ಬರು. ಅಲ್ಲಿಗೆ ಹೋದ ಮೇಲೆ ಐವರೂ ಚೀನೀ ಹೆಸರುಗಳನ್ನು ಧರಿಸಿದರು. ಪ್ರತಿಯೊಂದರ ಕೊನೆಗೂ ಚೀನವೆಂಬ ಅರ್ಥದ ‘ಹುವಾ’ ಎಂಬ ಅಕ್ಷರವನ್ನು ಸೇರಿಸಿಕೊಂಡರು. ಕೋಟ್ನೀಸರು ಕೆ ದಿಹುವಾ ಆದರು. ಯಾವ ಒಡೆಯನೂ ಅವರಿಗೆ ಹಾಗೆ ಆಜ್ಞೆ ಮಾಡಿರಲಿಲ್ಲ. ಉಳಿದ ನಾಲ್ವರು ಸ್ವದೇಶಕ್ಕೆ ಮರಳಿದರೂ ಅವರು ಅಲ್ಲಿಯೇ ನಿಂತು ಗಾಯಾಳುಗಳ ಸೇವೆ ಮಾಡಿದರು. ದಾದಿಯಾಗಿದ್ದ ಗುವೊ ಚಿಂಗ್‌ಲಾನ್ ಎಂಬ ಚೀನೀ ಮಹಿಳೆಯನ್ನು ವರಿಸಿದರು. 1942ರಲ್ಲಿ ಅವರಿಗೆ ಗಂಡುಮಗುವಾದಾಗ ಭಾರತದ ‘ಯಿನ್’, ಚೀನದ ‘ಹುವಾ’ ಎರಡನ್ನೂ ಕೂಡಿಸಿ ಯಿನ್‌ಹುವಾ ಎಂದು ಹೆಸರಿಟ್ಟರು. ಅದೇ ವರುಷದ ಡಿಸೆಂಬರ್ 9ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ, ತಂದೆ ತೀರಿಕೊಂಡರು. ಅವರ ಸಮಾಧಿಯು ಶಿಜ್ಯಾಜ್ವಾಂಗ್ ನಗರದ ಹುತಾತ್ಮರ ಉದ್ಯಾನದಲ್ಲಿದೆ. ಮಗನು ವೈದ್ಯವಿದ್ಯೆಯನ್ನು ಓದುತ್ತಿರುವಾಗಲೇ 1967ರಲ್ಲಿ ಗತಿಸಿದನು. ಸೊಲ್ಲಾಪುರದಲ್ಲಿ ಅವರು ಹುಟ್ಟಿದ ಮನೆ ಈಗ ಸ್ಮಾರಕವಾಗಿದೆ.

ಬರುವ ದಿನಗಳ ಬಗೆಗೆ ಒಂದು ಮಾತು ಅಧಿಕಾರಿಗಳಿಗೆ. 1969ರ ಜನನ ಮರಣ ನೋಂದಣಿ ಕಾಯಿದೆಗೆ ಆದ ತಿದ್ದುಪಡಿಯು 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಅಂದಿನಿಂದ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶ, ಮತದಾರರ ಪಟ್ಟಿ, ಸರಕಾರಿ ನೌಕರಿ ಮುಂತಾದವಕ್ಕೆಲ್ಲ ಹುಟ್ಟಿದ ತಾರೀಖು, ಸ್ಥಳಗಳ ಸಾಕ್ಷಿಯಾಗಿ ಜನನ ಪ್ರಮಾಣಪತ್ರವೊಂದೇ ಸಲ್ಲುತ್ತದೆ. ಆದಕಾರಣ ಕೂಸಿನ ಹೆಸರನ್ನು ಮೊದಲನೆಯ ಸಲ ಬರೆಯುವ ಗುಮಾಸ್ತನ ಲೇಖಣಿಗೆ ಹಿಂದೆಂದೂ ಇಲ್ಲದ ಭಾರ ಬಂದಿದೆ. ತಾಂಡೆಯಿಂದ ಬಂದ ತಾಯಿ ಹೇಳಿದ ಹೆಸರು ಅವನಿಗೆ ವಿಚಿತ್ರವಾಗಿ ಕೇಳಿಸಬಹುದು. ನಾಳೆ ಹಕ್ಕಿಪಿಕ್ಕಿಯ ತಂದೆಯೊಬ್ಬನು ಬಂದು ಹೈಕೋರ್ಟ್ ಎಂದು ಬರೆ ಎನ್ನಬಹುದು. ಅವನು ನಗಬಾರದು, ತಿದ್ದಬಾರದು, ತನಗೆ ತಿಳಿದ ಬೇರೆ ಹೆಸರನ್ನು ಸೂಚಿಸಬಾರದು. ಕೇಳಿದಂತೆ ಬರೆದು, ಬರೆದುದನ್ನು ಗಟ್ಟಿಯಾಗಿ ಓದಿ ಹೇಳಿ, ಅವರು ಹೌದೆಂದ ಮೇಲೆ ಮೊಹರು ಒತ್ತಬೇಕು. ಹುಟ್ಟಿದಾಗ ಹೆಸರು ಬರೆಸದವರು 12 ತಿಂಗಳೊಳಗೆ ಶುಲ್ಕವಿಲ್ಲದೆಯೂ ಆ ಮೇಲೆ 15 ವರುಷಗಳವರೆಗೆ ಶುಲ್ಕ ಕೊಟ್ಟೂ ಅದನ್ನು ಸೇರಿಸಬಹುದೆಂಬ ನಿಯಮವನ್ನು ಗ್ರಾಮ ಪಂಚಾಯತಿಗಳ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ, ಕನ್ನಡದಲ್ಲಿ, ಬರೆಯಿಸಿ ಹಾಕುವುದಕ್ಕೆ ಹೆಚ್ಚು ಖರ್ಚು ಬೀಳಲಿಕ್ಕಿಲ್ಲ.